ಮಾವನ ಆಫ್ರಿಕಾ ಮೆಣಸಿನಕಾಯಿ

ನಮ್ಮ ಮಾವನಿಗೆ ತಲೆ ಕೆಟ್ಟಿದೆ ಎಂದು ನಾನಂತೂ ಹೇಳುವುದಿಲ್ಲ. ಆ ಕೆಲಸಕ್ಕೆ ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ, ಅವರದೇ ಬೀದಿಯಲ್ಲಿ, ಸಾಕಷ್ಟು ಜನರಿದ್ದಾರೆ. ನಾನೊಬ್ಬಳು ಹೋಗಿ ಸೇರಿಕೊಳ್ಳುವ ಅಗತ್ಯವಿಲ್ಲ. ನಾನು ಕೇಳುವುದು ಇಷ್ಟೇ. ಸಂಜೆಯಾದರೆ ಸಾಕು, ಊರಿಗೆ ಊರೇ ಮಂಡಕ್ಕಿ ಜೊತೆ ಮೆಣಸಿನಕಾಯಿ ಕಚ್ಚಿಕೊಂಡು ಹಾ ಹೂ ಎನ್ನುತ್ತಾ ಮೂಗೊರೆಸಿಕೊಳ್ಳುವ ದಾವಣಗೆರೆಯಲ್ಲಿ ಕೂತು, ಒಬ್ಬರು ಎರಡು ವರ್ಷ ಬೆವರು ಸುರಿಸಿ ಖಾರವೇ ಇಲ್ಲದ ಮೆಣಸಿನಕಾಯಿ ಬೆಳೆದರೆ ಅಂಥವರನ್ನು ಏನೆಂದು ಕರೆಯಬೇಕು? ಮಂಗಳೂರಿಗೆ ಹೋಗಿ ಮೀನು ತಿನ್ನಬೇಡಿ ಎಂದು ಭಾಷಣ ಮಾಡಿದ ಹಾಗಾಯಿತಲ್ಲವೇ! ನೀವೇ ಒಂದು ಹೆಸರು ಇಡಿ. ನಾನು ಮಾವ ಎಂದು ಕರೆಯುತ್ತೇನೆ, ಯಾಕೆಂದರೆ ಅವರು ನಮ್ಮಪ್ಪನ ಅಕ್ಕನನ್ನು ಮದುವೆಯಾಗಿದ್ದಾರೆ.

ಮಾವ ಹರಿಹರದ ಕಾರ್ಖಾನೆಯೊಂದರಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದವರು. ಬೇರೆಯವರು ಮೈಮುರಿದು ತಯಾರಿಸಿದ ಕಬ್ಬಿಣದ ಬಿಡಿಭಾಗಗಳನ್ನು ಕೈಯಲ್ಲಿ ಹಿಡಿದು, ಒಂದು ಕಣ್ಣು ಮುಚ್ಚಿ, ಅಳೆದು, 'ಪಾಸ್' ಅಥವಾ 'ರಿಜೆಕ್ಟ್' ಎನ್ನುವುದು ಅವರ ಕೆಲಸ. ಜೀವಮಾನವಿಡೀ ಈ ಎರಡೇ ಮಾತು ಆಡಿ ಸಂಬಳ ತೆಗೆದುಕೊಂಡವರು ನನಗೆ ತಿಳಿದಂತೆ ಬೇರೆ ಯಾರೂ ಇಲ್ಲ. ನಿವೃತ್ತಿಯಾದ ಮೇಲೆ ಕಾರ್ಖಾನೆ ಅವರನ್ನು ಬಿಟ್ಟಿತು, ಅವರು ಆ ಎರಡು ಮಾತನ್ನು ಬಿಡಲಿಲ್ಲ. ತರಕಾರಿ ಗಾಡಿಯವನು ಅವರ ಮನೆ ಬಂದಾಗ ಕೂಗುವುದನ್ನು ನಿಲ್ಲಿಸಿ, ಉಸಿರು ಬಿಗಿಹಿಡಿದು ದಾಟುತ್ತಾನೆ. ನನ್ನ ಮದುವೆಗೆ ಗಂಡು ನೋಡಲು ಇವರನ್ನು ಕರೆದುಕೊಂಡು ಹೋಗಿದ್ದರು. ಹುಡುಗನನ್ನು ಒಂದು ಕಣ್ಣು ಮುಚ್ಚಿ ಅಡಿಯಿಂದ ಮುಡಿಯವರೆಗೆ ನೋಡಿ, 'ಸ್ವಲ್ಪ ಬಾಗೈತೆ, ಆದ್ರೆ ನಡೀತೈತೆ' ಎಂದರು. ಹುಡುಗ ಪಾಪ, ಅಂದಿನಿಂದ ನಮ್ಮ ಮಾವನ ಎದುರು ಬಂದಾಗಲೆಲ್ಲ ಬೆನ್ನು ನೆಟ್ಟಗೆ ಮಾಡಿಕೊಂಡು ನಿಲ್ಲುತ್ತಾರೆ.

ಇಂಥವರ ಜೊತೆ ಬಾಳಿದ ನಮ್ಮತ್ತೆ ಸಾಮಾನ್ಯ ಹೆಂಗಸಾಗಿರಲು ಸಾಧ್ಯವೇ? ಅತ್ತೆ ಖಾರದ ಹೆಂಗಸು. ಮಾತಿನಲ್ಲಲ್ಲ, ಊಟದಲ್ಲಿ. ಬಜ್ಜಿ ಕರಿದ ಮೆಣಸಿನಕಾಯಿ ಸಪ್ಪೆ ಎಂದು ಪಕ್ಕದಲ್ಲಿ ಹಸಿಮೆಣಸಿನಕಾಯಿ ಇಟ್ಟುಕೊಂಡು, ತೊಟ್ಟು ಹಿಡಿದು ಬುಡದವರೆಗೂ ಕಚ್ಚುತ್ತಿದ್ದರು. ಅವರ ಬದನೆಕಾಯಿ ಎಣ್ಣೆಗಾಯಿ ತಿಂದವರು ಮರುದಿನವೂ ಅದನ್ನು ನೆನೆಸಿಕೊಳ್ಳುತ್ತಿದ್ದರು, ಬೇರೆ ಬೇರೆ ಕಾರಣಕ್ಕೆ. ಮಾವ ಜೀವನದಲ್ಲಿ ಒಮ್ಮೆಯೂ ರಿಜೆಕ್ಟ್ ಮಾಡದ ವಸ್ತು ಎಂದರೆ ಆ ಎಣ್ಣೆಗಾಯಿ ಒಂದೇ.

ಮೂರು ವರ್ಷದ ಹಿಂದೆ ಅತ್ತೆಯ ಬಾಯಿಯಲ್ಲಿ ಒಂದು ಹುಣ್ಣು ಮಾಯದೆ ಉಳಿಯಿತು. ಅದು ಕೆಟ್ಟ ಹುಣ್ಣೆಂದು ಗೊತ್ತಾಗಿ, ಆಪರೇಷನ್ ಆಗಿ, ಆಮೇಲೆ ಕರೆಂಟ್, ಅಂದರೆ ರೇಡಿಯೇಷನ್ ಕೊಡಿಸಿ, ದೇವರು ದೊಡ್ಡವನು, ಗುಣವಾಯಿತು. ಆದರೆ ಬಾಯಿಯ ಒಳಚರ್ಮ ಹೂವಿನೆಸಳಿನಷ್ಟು ತೆಳ್ಳಗಾಗಿ ಹೋಯಿತು. ಖಾರದ ಪುಡಿ ಒಂದು ಚಿಟಿಕೆ ತಾಗಿದರೂ ಬೆಂಕಿ ಬಿದ್ದ ಹಾಗೆ. ಡಾಕ್ಟರು ಇನ್ನು ಮುಂದೆ ಖಾರ ಮುಟ್ಟಲೇಬಾರದೆಂದು ಹೇಳಿ ಕಳಿಸಿದರು. ಮೊಸರನ್ನ, ಹಾಲುಅನ್ನ, ಬೇಳೆಕಟ್ಟು, ಗಂಜಿ. ಮುಗಿಯಿತು ಅತ್ತೆಯ ಪ್ರಪಂಚ.

ಅತ್ತೆ ಅಳಲಿಲ್ಲ, ಗೊಣಗಲಿಲ್ಲ. ಒಂದೇ ಒಂದು ಮಾಡಿದರು: ನಮ್ಮ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟುಬಿಟ್ಟರು. ಮನೆಗೆ ಯಾರೇ ಬರಲಿ, ಎಲ್ಲರಿಗೂ ಬಡಿಸಿ, ಆಮೇಲೆ ತಮ್ಮ ತಟ್ಟೆ ಹಿಡಿದು ಅಡುಗೆಮನೆಗೆ ಹೋಗಿ, ಗೋಡೆಯ ಕಡೆ ಮುಖ ಮಾಡಿ ಉಣ್ಣುತ್ತಿದ್ದರು. ನಾನು ಒಮ್ಮೆ ಕೈಹಿಡಿದು ಎಳೆದಾಗ, "ಬ್ಯಾಡವ್ವ. ನಿಮ್ಮ ಕೆಂಪು ತಟ್ಟಿ ನಡುವೆ ನನ್ನ ಬಿಳಿ ತಟ್ಟಿ ನೋಡಿದ್ರೆ ನನಗೆ ಆಸ್ಪತ್ರೆ ನೆನಪಾಗ್ತೈತೆ. ನಿಮಗೂ ಗಂಟಲಾಗೆ ಇಳಿಯಂಗಿಲ್ಲ" ಎಂದರು.

ಅದನ್ನು ಮಾವ ಕೇಳಿಸಿಕೊಂಡರು. ಅವರು ಸಮಾಧಾನ ಹೇಳುವ ಜಾತಿಯವರಲ್ಲ. ಹಾಗಾದರೆ ತಟ್ಟೆಯನ್ನು ಕೆಂಪು ಮಾಡಿದರಾಯಿತು ಎಂದು ತೀರ್ಮಾನಿಸಿದರು.

ಮೊದಲು ನಾವೆಲ್ಲ ಬ್ಯಾಡಗಿ ಮೆಣಸಿನಕಾಯಿ ಸೂಚಿಸಿದೆವು. ಬಣ್ಣ ಜಾಸ್ತಿ, ಖಾರ ಕಮ್ಮಿ, ಲೋಕಕ್ಕೆಲ್ಲ ಗೊತ್ತಿರುವ ವಿಷಯ. ಅತ್ತೆ ಒಂದು ತುತ್ತು ಬಾಯಿಗಿಟ್ಟು ಇಡೀ ದಿನ ಮಾತಾಡಲಿಲ್ಲ. ಅವರ ಬಾಯಿಗೆ ಕಮ್ಮಿ ಖಾರ ಎಂಬುದೇ ಇರಲಿಲ್ಲ; ಇದ್ದರೆ ಖಾರ, ಇಲ್ಲದಿದ್ದರೆ ಇಲ್ಲ. ಕೊನೆಗೆ ಆಸ್ಪತ್ರೆಯಲ್ಲಿ ಪಥ್ಯ ಹೇಳುವ ಹುಡುಗಿ ಒಂದು ಮಾತು ಹೇಳಿದಳು. ಸಿಹಿ ಜಾತಿಯ ಮೆಣಸಿನಕಾಯಿ ಇದೆಯಂತೆ, ಹಣ್ಣಾದರೆ ರಕ್ತದಂತೆ ಕೆಂಪು, ಒಣಗಿಸಿ ಪುಡಿ ಮಾಡಿದರೆ ಬಣ್ಣವೂ ಪರಿಮಳವೂ ಇರುತ್ತದೆ, ಖಾರ ಮಾತ್ರ ಸೊನ್ನೆ. ಆ ಪುಡಿಗೆ ಪ್ಯಾಪ್ರಿಕಾ ಎನ್ನುತ್ತಾರಂತೆ.

ಮಾವ ದೊಡ್ಡ ಅಂಗಡಿಗೆ ಹೋಗಿ ಒಂದು ಪುಟ್ಟ ಬಾಟಲಿ ಹುಡುಕಿ ತೆಗೆದರು. ಕನ್ನಡಕ ಏರಿಸಿ ಹಿಂದಿನ ಸಣ್ಣ ಅಕ್ಷರವನ್ನೆಲ್ಲ ಓದಿದರು. ಅದರಲ್ಲಿ ಏನೇನೋ ಬೆರೆಸಿದ್ದರಂತೆ. ಅಂಗಡಿಯ ಹುಡುಗಿಯ ಕೈಗೆ ವಾಪಸು ಕೊಟ್ಟು, "ರಿಜೆಕ್ಟ್" ಎಂದು ಹೇಳಿ, ಆ ಮಗು ಕಣ್ಣು ಪಿಳಿಪಿಳಿ ಬಿಡುತ್ತಿರುವಾಗಲೇ ಹೊರಬಂದರು. ತಾವೇ ಬೆಳೆಯುವುದಾಗಿ ಅಂದೇ ಘೋಷಣೆಯಾಯಿತು.

ಬೀದಿಗೆ ಸುದ್ದಿ ಹಬ್ಬಿತು. ಪಕ್ಕದ ಮನೆಯ ಆಂಟಿ ಕಾಂಪೌಂಡಿನ ಮೇಲಿಂದ ಕತ್ತು ಚಾಚಿ ಕೇಳಿದರು.

"ಏನ್ ಹಾಕ್ತಿದೀರಿ ಅಣ್ಣಾರೆ?"

"ಪ್ಯಾಪ್ರಿಕಾ."

"ಆಫ್ರಿಕಾದಿಂದ ತರಿಸಿದ್ರಾ? ಅಷ್ಟು ದೂರದಿಂದ?"

ಮಾವ ತಿದ್ದಲು ಬಾಯಿ ತೆರೆಯುವಷ್ಟರಲ್ಲಿ ಆಂಟಿ ಒಳಗೆ ಹೋಗಿ ಫೋನ್ ಹಿಡಿದಾಗಿತ್ತು. ಅಂದಿನಿಂದ ಅದು ಆಫ್ರಿಕಾ ಮೆಣಸಿನಕಾಯಿ. ಮಾವ ವಾಕಿಂಗ್ ಹೊರಟರೆ, "ಆಫ್ರಿಕಾ ಹೆಂಗೈತ್ರಿ?" ಎಂದು ಜನ ವಿಚಾರಿಸುತ್ತಿದ್ದರು. ಹೊಸದಾಗಿ ಬಾಡಿಗೆಗೆ ಬಂದವರೊಬ್ಬರು ಇವರ ಮಗ ಆಫ್ರಿಕಾದಲ್ಲಿದ್ದಾನೆಂದು ತಿಳಿದು, ಅಲ್ಲಿಯ ಸೆಕೆಯ ಬಗ್ಗೆ ಬಹಳ ಹೊತ್ತು ಅನುತಾಪ ತೋರಿಸಿದರಂತೆ. ಇವರಿಗೆ ಮಗನೇ ಇಲ್ಲ, ಇರುವುದು ಒಬ್ಬಳು ಮಗಳು, ಅವಳೂ ರಾಣೆಬೆನ್ನೂರಿನಲ್ಲಿ.

ನಾನು ಹರಿಹರದ ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಮನೆ ಇರುವುದು ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ, ದಿನಾ ಬಸ್ಸಿನಲ್ಲಿ ಓಡಾಟ. ಇದು ನನ್ನ ದುರದೃಷ್ಟಕ್ಕೆ ಮಾವನ ಗಮನಕ್ಕೆ ಬಂತು. ಹಿತ್ತಲಿನ ಮಣ್ಣನ್ನು ಅಂಗೈ ಮೇಲೆ ಹಾಕಿ ಉಜ್ಜಿ ಅವರು ಅದಾಗಲೇ ರಿಜೆಕ್ಟ್ ಮಾಡಿದ್ದರು. ಹರಿಹರದ ಹೊಳೆ ದಂಡೆಯ ಮೆಕ್ಕಲು ಮಣ್ಣು ಬೇಕಂತೆ. "ಹೆಂಗೂ ಬರಿಗೈಲಿ ಬರ್ತೀಯಲ್ಲ" ಎಂದರು, ನನ್ನ ಎರಡು ಕೈಯಲ್ಲೂ ಮಕ್ಕಳ ಉತ್ತರಪತ್ರಿಕೆಯ ಕಟ್ಟು ಇರುವುದನ್ನು ನೋಡಿಕೊಂಡೇ. ಸರಿ, ಪ್ರತಿದಿನ ಊಟದ ಬ್ಯಾಗಿನಲ್ಲಿ ತುಂಗಭದ್ರೆಯನ್ನು ಸ್ವಲ್ಪ ಸ್ವಲ್ಪವೇ ಹೊತ್ತು ತಂದೆ. ಕಂಡಕ್ಟರ್ ಒಂದು ದಿನ ಬ್ಯಾಗನ್ನು ಕಾಲಿನಿಂದ ಸರಿಸಲು ಹೋಗಿ ಅದು ಅಲ್ಲಾಡದಿದ್ದಾಗ ಕೇಳಿದ.

"ಏನ್ ಮೇಡಮ್ಮೋರೆ ಇದು, ಕಲ್ಲು ಹೊತ್ಕೊಂಡು ಹೊಂಟೀರೇನು?"

"ಮಣ್ಣು."

"ಯಾಕ್ರಿ, ದಾವಣಗೆರೆಯಾಗೆ ಮಣ್ಣಿಲ್ಲೇನು?"

"ಐತೆ. ರಿಜೆಕ್ಟ್ ಆಗೈತೆ."

ಆತ ನನ್ನ ಮುಖವನ್ನು ಒಮ್ಮೆ ನೋಡಿ, ಮುಂದಿನ ಸೀಟಿಗೆ ಸರಿದುಹೋದ. ಅಂದಿನಿಂದ ನನ್ನ ಪಕ್ಕದ ಸೀಟು ಖಾಲಿ ಇದ್ದರೂ ಅಲ್ಲಿ ಕೂರುವಂತೆ ಯಾರಿಗೂ ಹೇಳುತ್ತಿರಲಿಲ್ಲ.

ಬೀಜ ಮೊಳೆಯಿತು, ಸಸಿಯಾಯಿತು, ಗಿಡವಾಯಿತು. ಮಾವ ದಿನಾ ಬೆಳಿಗ್ಗೆ ಕಾರ್ಖಾನೆಯ ಕಾಲದ ವರ್ನಿಯರ್ ಹಿಡಿದು ಹಿತ್ತಲಿಗೆ ಇಳಿಯುತ್ತಿದ್ದರು. ಕೂದಲೆಳೆಯ ದಪ್ಪವನ್ನೂ ಅಳೆಯುವ ಆ ಉಪಕರಣದಿಂದ ಮೆಣಸಿನಕಾಯಿಯ ಸೊಂಟ ಅಳೆಯುತ್ತಿದ್ದರು. ಒಂದು ಕಾಯಿ ನಿನ್ನೆಗಿಂತ ಸಣ್ಣಗಾಗಿದೆ ಎಂದು ಒಮ್ಮೆ ಗಾಬರಿಬಿದ್ದು ನನಗೆ ಫೋನ್ ಮಾಡಿದರು. ನಾನು ಎಂಟನೇ ತರಗತಿಗೆ ಸಮಾಸ ಹೇಳಿಕೊಡುತ್ತಿದ್ದೆ. ಬೇರೆ ಕಾಯಿ ಅಳೆದಿರಬಹುದು ನೋಡಿ ಎಂದೆ. ಆ ಸಾಧ್ಯತೆ ತಮಗೆ ಹೊಳೆದಿರಲಿಲ್ಲ ಎಂದು ಒಪ್ಪಿಕೊಂಡು ಫೋನಿಟ್ಟರು.

ಹೂ ಬಿಡುವ ಹೊತ್ತಿಗೆ ಹೊಸ ತೊಂದರೆ ಎದ್ದಿತು. ಪಕ್ಕದ ಆಂಟಿಯ ಮನೆಯ ಕುಂಡದಲ್ಲಿ ಒಂದು ಸೂಜಿಮೆಣಸಿನ ಗಿಡವಿತ್ತು. ಅದರ ಪರಾಗ ಬಂದು ತಮ್ಮ ಹೂವಿಗೆ ಬಿದ್ದರೆ ತಳಿಯೇ ಕೆಟ್ಟು, ಬೀಜದಲ್ಲಿ ಖಾರ ಸೇರಿಕೊಳ್ಳುತ್ತದೆ ಎಂದು ಮಾವ ಮೊಬೈಲಿನಲ್ಲಿ ನೋಡಿ ತಿಳಿದುಕೊಂಡಿದ್ದರು. ನನ್ನನ್ನು ಕರೆಸಿದರು.

"ನೀನು ಟೀಚರು. ಹೋಗಿ ಅವ್ರಿಗೆ ಪರಾಗಸ್ಪರ್ಶ ಅಂದ್ರೇನು ಅಂತ ತಿಳಿಸಿ ಬಾ."

"ಮಾವ, ನಾನು ಹೇಳಿಕೊಡೋದು ವ್ಯಾಕರಣ."

"ಸಂಧಿ ಹೇಳಿಕೊಡ್ತೀಯಲ್ಲ? ಇದೂ ಸಂಧಿನೇ. ಹೋಗು."

ಲೋಪ, ಆಗಮ, ಆದೇಶಗಳಲ್ಲಿ ಇದು ಯಾವ ಸಂಧಿ ಎಂದು ಯೋಚಿಸುತ್ತಾ ನಾನು ನಿಂತಿರುವಾಗಲೇ, ತಾಳ್ಮೆ ಕಳೆದುಕೊಂಡ ಮಾವ ತಾವೇ ಕಾಂಪೌಂಡಿನ ಬಳಿ ಹೋದರು.

"ನಿಮ್ಮ ಗಿಡ ಸ್ವಲ್ಪ ದಿನ ಬೇರೆ ಕಡೆ ಇಡ್ರಿ."

"ಯಾಕ್ರಿ ಅಣ್ಣಾರೆ, ನನ್ನ ಗಿಡ ನಿಮ್ಮ ಗಿಡದ ತಂಟೆಗೆ ಬಂದೈತೇನು?"

"ನಿಮ್ಮ ಗಿಡ ಬರಂಗಿಲ್ಲ. ಜೇನ್ನೊಣ ಬರ್ತೈತೆ."

"ಹಂಗಾದ್ರೆ ಜೇನ್ನೊಣಕ್ಕೆ ಹೇಳ್ರಿ."

ಮಾವ ಒಳಗೆ ಬಂದು, ಮಂಚದ ಮೇಲಿನ ಸೊಳ್ಳೆ ಪರದೆ ಬಿಚ್ಚಿಕೊಂಡು ಹೋಗಿ ಗಿಡಗಳ ಮೇಲೆ ಕಟ್ಟಿದರು. ದಾವಣಗೆರೆಯ ಸೊಳ್ಳೆಗಳನ್ನು ಬಲ್ಲವರಿಗೆ ಈ ತ್ಯಾಗದ ಬೆಲೆ ಗೊತ್ತಾಗುತ್ತದೆ. ಮೆಣಸಿನ ಗಿಡಗಳು ಪರದೆಯೊಳಗೆ ಮದುಮಕ್ಕಳ ಹಾಗೆ ನಿಂತವು; ಹೊರಗೆ ಮಾವ ಮೈಯೆಲ್ಲ ಕೆರೆದುಕೊಳ್ಳುತ್ತಾ ತಿರುಗಿದರು. ಮಂಚದ ಪರದೆ ಹೋದದ್ದಕ್ಕೆ ಅತ್ತೆ, "ಮೆಣಸಿನಕಾಯಿಗೆ ಡೆಂಗ್ಯೂ ಬರಬಾರ್ದು ನೋಡು" ಎಂದಷ್ಟೇ ನನಗೆ ಹೇಳಿದರು.

ಮೊದಲ ವರ್ಷ ಕಾಯಿಗಳು ಚೆನ್ನಾಗಿಯೇ ಬಂದವು. ಉದ್ದಕ್ಕೆ, ದಪ್ಪಕ್ಕೆ, ಹೊಳೆಯುವ ಕೆಂಪಿಗೆ. ಹೊರಗಿನವರ ಅಭಿಪ್ರಾಯವೂ ಬೇಕೆಂದು ಮಾವ ಒಂದಷ್ಟನ್ನು ಹಸಿರಿರುವಾಗಲೇ ಕಿತ್ತು, ನಮ್ಮ ಬಡಾವಣೆಯ ಮಂಡಕ್ಕಿ ಅಂಗಡಿಯವನಿಗೆ ಕೊಟ್ಟು ಹಿಟ್ಟಿನಲ್ಲಿ ಅದ್ದಿ ಕರಿಯಲು ಹೇಳಿದರು. ಆತ ಸಜ್ಜನ, ಕರಿದುಕೊಟ್ಟ. ಅಲ್ಲಿ ನಿಂತಿದ್ದವರೊಬ್ಬರು ಒಂದನ್ನು ಕಚ್ಚಿ, ಅಗಿದು, ಇನ್ನೂ ಅಗಿದು, ಖಾರ ಬರುವುದನ್ನು ಕಾಯುತ್ತಾ ನಿಂತರು. ಬರಲೇ ಇಲ್ಲ. ಅಂಗಡಿಯವನ ಕಡೆ ತಿರುಗಿ, "ಏನಪ್ಪ, ಇವತ್ತು ಹೀರೇಕಾಯಿ ಹಾಕೀಯೇನು?" ಎಂದು ಕೇಳಿದರು. ಅಂಗಡಿಯವನು ಮಾವನಿಗೆ ಕೈಮುಗಿದ.

"ಸಾರ್, ತಪ್ಪು ತಿಳ್ಕೊಬ್ಯಾಡ್ರಿ. ಇನ್ನೊಂದು ಸಲ ತರಬ್ಯಾಡ್ರಿ. ನನ್ನ ಅಂಗಡಿ ಹೆಸರು ಹೋಗ್ತೈತೆ."

ಮಾವ ಮನೆಗೆ ಬಂದು ಇದನ್ನು ದೊಡ್ಡ ಪದಕ ಬಂದವರಂತೆ ಹೇಳಿಕೊಂಡರು. ದಾವಣಗೆರೆಯ ಮಂಡಕ್ಕಿ ಅಂಗಡಿಯವನೇ ಛೀ ಎಂದನೆಂದರೆ ಖಾರ ಇಲ್ಲ ಎನ್ನುವುದಕ್ಕೆ ಇನ್ನೇನು ಸರ್ಟಿಫಿಕೇಟ್ ಬೇಕು?

ಆದರೆ ಒಣಗಿಸುವಾಗ ಎಡವಿದರು. ಈ ಕಾಯಿಗೆ ಮೈ ದಪ್ಪ, ಒಳಗೆಲ್ಲ ನೀರು. ನಮ್ಮ ಮಾಮೂಲಿ ಮೆಣಸಿನಕಾಯಿಯ ಹಾಗೆ ಇಡಿಯಾಗಿ ಮಹಡಿಯ ಮೇಲೆ ಹರವಿದರು. ಹೊರಗೆ ಒಣಗಿದಂತೆ ಕಂಡದ್ದು ಒಳಗೆ ಕೊಳೆತು ಹೋಯಿತು. ಉಳಿದದ್ದು ಬೀಜ ಮಾತ್ರ.

ಎರಡನೇ ವರ್ಷ ಆ ಬೀಜ ಹಾಕಿದರು. ಈಗ ಗೊತ್ತಾಯಿತು, ಸೊಳ್ಳೆ ಪರದೆ ಹಳೆಯದು, ಅದರಲ್ಲೊಂದು ತೂತಿತ್ತು. ಯಾವುದೋ ಜೇನ್ನೊಣ ಆಂಟಿಯ ಗಿಡವನ್ನು ಮಾತಾಡಿಸಿಕೊಂಡು ಬಂದು ಆ ತೂತಿನಲ್ಲಿ ನುಗ್ಗಿತ್ತು. ಕಾಯಿ ಬಿಟ್ಟಾಗ ಕೆಲವು ಗಿಡಗಳು ಸಿಹಿ, ಕೆಲವು ಖಾರ, ನೋಡಲು ಎಲ್ಲವೂ ಒಂದೇ ಥರ. ಯಾವುದು ಯಾವುದೆಂದು ಕಂಡುಹಿಡಿಯುವುದು ಹೇಗೆ? ವರ್ನಿಯರ್ ಖಾರ ಅಳೆಯುವುದಿಲ್ಲ. ಒಂದೇ ದಾರಿ, ಗಿಡ ಗಿಡಕ್ಕೂ ಒಂದೊಂದು ಕಾಯಿ ಕಿತ್ತು ತಿನ್ನಬೇಕು.

ಆ ಬೆಳಿಗ್ಗೆ ನಾನು ಅಲ್ಲಿದ್ದೆ. ಮಾವ ಒಂದು ಕೈಯಲ್ಲಿ ಬೆಲ್ಲದ ಅಚ್ಚು, ಇನ್ನೊಂದು ಕೈಯಲ್ಲಿ ಸುಣ್ಣದ ಬಟ್ಟಲು ಹಿಡಿದು ಇಳಿದರು. ಕಚ್ಚುವುದು, ಕಣ್ಣು ಮುಚ್ಚುವುದು, ಕಾಯುವುದು. ಸಿಹಿಯಾದರೆ ಗಿಡ ಉಳಿಯಿತು. ಖಾರವಾದರೆ ಬೆಲ್ಲ ಕಚ್ಚಿ, ಗಿಡದ ಬುಡಕ್ಕೆ ಸುಣ್ಣದ ಗುರುತು ಹಾಕಿ ಮುಂದಿನದಕ್ಕೆ. ಕೊನೆಕೊನೆಗೆ ಮುಖ ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿ, ಬಿಕ್ಕಳಿಕೆ ಶುರುವಾಗಿ, ಬಿಕ್ಕಳಿಕೆಯ ರಭಸಕ್ಕೆ ಕೈ ಅಲ್ಲಾಡಿ ಸುಣ್ಣ ಎಲ್ಲೆಲ್ಲಿಗೋ ಚೆಲ್ಲಿ, ಯಾವ ಗಿಡ ಖಾರ, ಯಾವುದು ಸಿಹಿ ಎಂಬುದು ಮತ್ತೆ ಕಲಸಿಹೋಯಿತು. ಮರುದಿನ ಮೊದಲಿನಿಂದ ಮತ್ತೆ ತಿಂದರು!

"ಸಾಕು ಬಿಡ್ರಿ. ನನಗೆ ಮೊಸರನ್ನ ರೂಢಿ ಆಗೈತೆ" ಎಂದರು ಅತ್ತೆ.

"ನನಗೆ ಆಗಿಲ್ಲ" ಎಂದರು ಮಾವ. ಅವರು ಉಣ್ಣುತ್ತಿದ್ದದ್ದು ಕೆಂಪು ಸಾರು. ಆದರೂ ಹಾಗೆಂದರು.

ಈ ಸಲ ಒಣಗಿಸುವುದರಲ್ಲಿ ತಪ್ಪಾಗಲಿಲ್ಲ. ಪ್ರತಿ ಕಾಯಿಯನ್ನೂ ಸೀಳಿ, ಬೀಜ, ಒಳಗಿನ ಬಿಳಿ ತಿರುಳು ತೆಗೆದು, ಅತ್ತೆಯ ಹಳೇ ಸೀರೆಯ ಮೇಲೆ ಹರವಿದರು. ನಡುವೆ ಮೋಡ ಕವಿದರೆ ಸೀರೆ ಸಮೇತ ಎತ್ತಿಕೊಂಡು ಬಂದು ಹಾಸಿಗೆಯ ಮೇಲೆ ಹಾಕಿ ಫ್ಯಾನು ಬಿಡುತ್ತಿದ್ದರು. ಅಂಥ ದಿನಗಳಲ್ಲಿ ಗಂಡ ಹೆಂಡತಿ ಹಜಾರದಲ್ಲಿ ಬೀಸಣಿಗೆ ಹಿಡಿದು ಕೂತಿರುತ್ತಿದ್ದರು. ಅಂತೂ ಕಾಯಿಗಳು ಗರಿಗರಿಯಾಗಿ ಒಣಗಿ, ಮುರಿದರೆ ಲಟಕ್ಕೆನ್ನುವ ಹದಕ್ಕೆ ಬಂದವು. ಅಷ್ಟೆಲ್ಲ ಪಾಡುಪಟ್ಟು ಉಳಿದದ್ದು ಒಂದು ಸಣ್ಣ ಬಟ್ಟೆ ಚೀಲದ ತುಂಬ.

ಪುಡಿ ಮಾಡಿಸಲು ನಿಟ್ಟುವಳ್ಳಿಯ ಗಿರಣಿಗೆ ಹೋದರು. ಮನೆಯ ಮಿಕ್ಸಿಯಲ್ಲಿ ಅದುವರೆಗೆ ಖಾರದ ಪುಡಿ ಮಾಡಿದ್ದರಿಂದ ಅದು ರಿಜೆಕ್ಟ್. ಗಿರಣಿಯಲ್ಲೂ ಮೆಣಸಿನಕಾಯಿ ಯಂತ್ರವನ್ನು ಬ್ಯಾಟರಿ ಬಿಟ್ಟು ನೋಡಿದರು. ಎರಡು ಸಲ ಅಕ್ಕಿ ಹಾಕಿಸಿ ತಿರುಗಿಸಿ, ಹಿಂದಿನವರ ಖಾರವನ್ನೆಲ್ಲ ಹೊರಗೆ ತೆಗೆಸಿದರು. ಬ್ರಷ್ಷಿನಿಂದ ಮೂಲೆ ಮೂಲೆ ಗುಡಿಸಿದರು. ಗಿರಣಿ ನಡೆಸುವ ಹೆಂಗಸು ಒಳ್ಳೆಯವಳು, ಸುಮ್ಮನೆ ನೋಡುತ್ತಾ ನಿಂತಿದ್ದಳು. ಎಲ್ಲವೂ ಪಾಸಾದ ಮೇಲೆ ಚೀಲ ಅವಳ ಕೈಗೆ ಕೊಟ್ಟರು. ಅಷ್ಟರಲ್ಲಿ, ಗುಡಿಸುವಾಗ ಎದ್ದ ಹಳೇ ಧೂಳು ಮೂಗಿಗೇರಿ ಸೀನು ಶುರುವಾಯಿತು. ಸೀನುತ್ತಾ ಸೀನುತ್ತಾ ಕನ್ನಡಕ ಹಿಡಿದುಕೊಂಡು ಬಾಗಿಲ ಹೊರಗೆ ಹೋಗಿ ನಿಂತರು.

ಒಳಗೆ ಏನಾಯಿತು ಎನ್ನುವುದು ನಮಗೆ ತಿಳಿದದ್ದು ಆಮೇಲೆ, ನಾನು ಜೋಳ ಬೀಸಿಸಲು ಹೋದಾಗ. ನೀವು ಈಗಲೇ ತಿಳಿದುಕೊಂಡುಬಿಡಿ. ಆ ಹೆಂಗಸು ಕಾಯಿ ಹಾಕಿ ಯಂತ್ರ ತಿರುಗಿಸಿದಳು. ಪುಡಿ ಬಂತು. ಕೆಮ್ಮು ಬರಲಿಲ್ಲ. ಕಣ್ಣು ಉರಿಯಲಿಲ್ಲ. ಗಾಬರಿಯಾಗಿ ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಂಡಳು, ಮರದ ಹೊಟ್ಟಿನ ಹಾಗೆ ಸಪ್ಪೆ. ಅವಳ ಮನಸ್ಸು ಕರಗಿಹೋಯಿತು.

"ಪಾಪ, ವಯಸ್ಸಾದೋರು, ಯಾರೋ ಬಣ್ಣ ಹಚ್ಚಿದ ಕಾಯಿ ಕೊಟ್ಟು ಮೋಸ ಮಾಡ್ಯಾರೆ" ಎಂದಳು ನನಗೆ. "ಅಷ್ಟು ಜೋಪಾನ ಮಾಡ್ಕೊಂಡು ತಂದಿದ್ರು. ಹೇಳಿದ್ರೆ ಎದೆ ಒಡ್ಕೊಂತಾರೆ ಅಂತ, ನಮ್ಮ ಮನೆಗೆ ಇಟ್ಟಿದ್ದ ಗುಂಟೂರು ಕಾಯಿ ಎರಡು ಹಿಡಿ ಹಾಕಿ ತಿರುಗಿಸಿ ಕೊಟ್ಟೆ ಕಣ್ರಿ. ನೀವೂ ಹೇಳಬ್ಯಾಡ್ರಿ. ಬೇಜಾರ್ ಮಾಡ್ಕೊಂತಾರೆ."

ಇಂಥ ಉಪಕಾರಕ್ಕೆ ಜಗಳವಾದರೂ ಹೇಗೆ ಆಡುವುದು! ಮಾವ ಒಳಗೆ ಬಂದಾಗ ಡಬ್ಬಿ ಸಿದ್ಧವಾಗಿತ್ತು. ಪುಡಿಯನ್ನು ಬೆಳಕಿಗೆ ಹಿಡಿದು ನೋಡಿದರು. ಎಂಥ ಕೆಂಪು! ಮತ್ತೆ ಸೀನು ಬಂತು. ಅವರ ಮೂಗು ಅಂದು ನಿಜವನ್ನೇ ಹೇಳಿತು. ಮಾವ ಮೂಗನ್ನೇ ರಿಜೆಕ್ಟ್ ಮಾಡಿದರು. ರುಚಿ ನೋಡಲಿಲ್ಲವೇ ಎಂದು ನೀವು ಕೇಳಬಹುದು. ಇಲ್ಲ. ಪ್ರತಿ ಗಿಡವನ್ನೂ ಎರಡೆರಡು ಸಲ ತಿಂದು ಪಾಸ್ ಮಾಡಿದ್ದರಲ್ಲ, ಪುಡಿಯಾದ ಮೇಲೆ ಮೊದಲ ರುಚಿ ಹೆಂಡತಿಯದೇ ಆಗಬೇಕೆಂದು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು.

ಭಾನುವಾರ ಎಲ್ಲರನ್ನೂ ಊಟಕ್ಕೆ ಕರೆದರು. ನಮ್ಮಪ್ಪ, ಅಮ್ಮ, ನಾನು, ಬೆನ್ನು ನೆಟ್ಟಗೆ ಮಾಡಿಕೊಂಡ ನನ್ನ ಗಂಡ, ರಾಣೆಬೆನ್ನೂರಿನಿಂದ ಮಗಳು ಅಳಿಯ. ಅತ್ತೆ ಬಹಳ ದಿನದ ಮೇಲೆ ಬದನೆಕಾಯಿ ಎಣ್ಣೆಗಾಯಿ ಮಾಡಿದರು. ಎಳೇ ಬದನೆಕಾಯಿಯನ್ನು ತೊಟ್ಟು ಬಿಡದ ಹಾಗೆ ನಾಲ್ಕು ಸೀಳು ಮಾಡಿ, ಶೇಂಗಾ, ಗುರೆಳ್ಳು, ಹೊಸ ಕೆಂಪು ಪುಡಿ ಕಲಸಿ ತುಂಬಿ, ಎಣ್ಣೆ ತೇಲುವಂತೆ ಬೇಯಿಸಿದರು. ಒಗ್ಗರಣೆಗೆ ನಾವೆಲ್ಲ ಕೆಮ್ಮಿದೆವು. ಅತ್ತೆಯ ಮನೆಯಲ್ಲಿ ಒಗ್ಗರಣೆಗೆ ಕೆಮ್ಮದೆ ಇದ್ದವರು ಯಾರಿದ್ದಾರೆ? ಯಾರಿಗೂ ಅನುಮಾನ ಬರಲಿಲ್ಲ.

ಎಲ್ಲರಿಗೂ ಬಡಿಸಿದ ಮೇಲೆ, ಅತ್ತೆ ನಮ್ಮ ಸಾಲಿನಲ್ಲಿ, ಮಾವನ ಪಕ್ಕದಲ್ಲಿ ಬಂದು ಕೂತರು. ಅವರ ತಟ್ಟೆಯೂ ನಮ್ಮ ತಟ್ಟೆಯಷ್ಟೇ ಕೆಂಪಾಗಿತ್ತು. ಅತ್ತೆ ತಮ್ಮ ತಟ್ಟೆಯನ್ನೊಮ್ಮೆ, ನಮ್ಮ ತಟ್ಟೆಗಳನ್ನೊಮ್ಮೆ ನೋಡಿದರು. ಅವರ ಮುಖದಲ್ಲಿದ್ದ ಸಂತೋಷ ನೋಡಿ, ಹೊತ್ತು ತಂದ ಮಣ್ಣಿಗೆಲ್ಲ ನಾನು ಮಾವನನ್ನು ಕ್ಷಮಿಸಿಬಿಟ್ಟೆ.

"ತಡೀರಿ" ಎಂದರು ಮಾವ. "ಯಾರೂ ಕೈ ಹಾಕಬ್ಯಾಡ್ರಿ. ಮೊದ್ಲು ಅವಳು."

ಅತ್ತೆ ರೊಟ್ಟಿ ಮುರಿದು, ಬದನೆಕಾಯಿ ಸೇರಿಸಿ ಬಾಯಿಗಿಟ್ಟರು. ಅವರ ಕೈ ಅಲ್ಲೇ ಒಂದು ಗಳಿಗೆ ನಿಂತಿತು. ಆಮೇಲೆ ಅಗಿದರು. ನುಂಗಿದರು.

"ಹೆಂಗೈತೆ?"

"ಚೆನ್ನಾಗೈತ್ರಿ" ಎಂದರು ಅತ್ತೆ. ಸ್ವರ ಸಣ್ಣಗೆ ಬಂತು. ಇನ್ನೊಂದು ತುತ್ತು ತಗೊಂಡರು. ಕಣ್ಣಲ್ಲಿ ನೀರು ಇಳಿಯತೊಡಗಿತು, ಸೆರಗಿನಿಂದ ಒರೆಸಿಕೊಂಡರು. ನಾವು ಸಂತೋಷಕ್ಕೆ ಎಂದುಕೊಂಡೆವು. ನಮ್ಮಮ್ಮನಂತೂ ತಾವೂ ಸೆರಗು ಎತ್ತಿಕೊಂಡರು. ಮಾವ ತಲೆ ತಗ್ಗಿಸಿ ತಮ್ಮ ರೊಟ್ಟಿ ಮುರಿದರು. ಒಂದು ತುತ್ತು ತಿಂದರು.

ನಾನು ಅವರ ಎದುರಿಗೇ ಕೂತಿದ್ದೆ. ಅವರ ಮುಖದಿಂದ ರಕ್ತ ಇಳಿದುಹೋದದ್ದನ್ನು ಕಂಡೆ. ಅಷ್ಟರಲ್ಲಿ ಅತ್ತೆಯ ಕೈಯಲ್ಲಿ ಮೂರನೇ ತುತ್ತು ಇತ್ತು. ಮಾವ ಆ ಕೈ ಹಿಡಿದು ನಿಲ್ಲಿಸಿ, ತಮ್ಮ ಎಡಗೈಯನ್ನು ಅವರ ಗದ್ದದ ಕೆಳಗೆ ಬೊಗಸೆಯಂತೆ ಒಡ್ಡಿದರು.

"ಉಗುಳು."

ಅತ್ತೆ ತಲೆಯಾಡಿಸಿದರು. ಬಾಯಲ್ಲಿ ಉಗುಳಲು ಏನೂ ಉಳಿದಿರಲಿಲ್ಲ. ಅವರ ತುಟಿ ಊದಿಕೊಂಡು ಅದುರುತ್ತಿತ್ತು. ನಾನು ಓಡಿಹೋಗಿ ಮೊಸರಿನ ಪಾತ್ರೆ ತಂದೆ. ಅತ್ತೆ ಮೊಸರು ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ಕೂತರು. ಏನು ಮಾಡಬೇಕೆಂದು ತಿಳಿಯದ ಅಳಿಯ ಆ ಗಲಿಬಿಲಿಯಲ್ಲಿ ಒಂದು ಬದನೆಕಾಯಿ ಇಡಿಯಾಗಿ ಬಾಯಿಗೆ ಹಾಕಿಕೊಂಡು, ಗಟ್ಟಿಯಾಗಿ ಬಿಕ್ಕಳಿಸತೊಡಗಿದರು. ಯಾರೂ ನಗಲಿಲ್ಲ.

"ಗೊತ್ತಾಗಿಯೂ ಯಾಕ ತಿಂದಿ?" ಎಂದು ಮಾವ ಕೇಳಿದರು.

"ಎರಡು ವರ್ಷ ದುಡಿದೀರಿ" ಎಂದರು ಅತ್ತೆ. ಎಂದವರು ತಮ್ಮ ತಟ್ಟೆ ಎತ್ತಿಕೊಂಡು, ಒಳಗೆ ಹೋಗಲು ಎದ್ದರು.

ಮಾವ ಅವರ ಮೊಣಕೈ ಹಿಡಿದು ಕೂರಿಸಿದರು. ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಕುಡಿಯಲು ಇಟ್ಟಿದ್ದ ತಂಬಿಗೆಯ ನೀರನ್ನು ಒಂದು ಬಟ್ಟಲಿಗೆ ಸುರಿದು, ಒಂದು ಬದನೆಕಾಯಿಯ ತೊಟ್ಟು ಹಿಡಿದು ಅದರಲ್ಲಿ ಅದ್ದಿದರು. ನಾಲ್ಕು ಸೀಳನ್ನು ಹೂವಿನ ಹಾಗೆ ಬಿಡಿಸಿ, ಹೆಬ್ಬೆರಳಿನಿಂದ ಒಳಗಿನ ಮಸಾಲೆಯನ್ನು ಮೆಲ್ಲಗೆ ತಳ್ಳಿ ತೆಗೆದರು. ಹಲ್ಲು ಬರುವ ಮಕ್ಕಳಿಗೆ ನಾವು ಪಲ್ಯ ತೊಳೆದು ತಿನ್ನಿಸುತ್ತೇವಲ್ಲ, ಹಾಗೆ. ನೀರು ಕೆಂಪಾಯಿತು. ಚೆಲ್ಲಿ ಬೇರೆ ನೀರು ಕೊಡುವಂತೆ ನನ್ನ ಕಡೆ ಬಟ್ಟಲು ಚಾಚಿದರು. ಕೊಟ್ಟೆ. ಅದೂ ಕೆಂಪಾಯಿತು. ಮೂರನೆಯ ನೀರು ತಿಳಿಯಾಗಿಯೇ ಉಳಿಯಿತು. ತುದಿಯನ್ನು ಚಿವುಟಿ ತಾವು ತಿಂದು ನೋಡಿ, ಉಳಿದ ಬಿಳಿಯ ಬದನೆಕಾಯಿಯನ್ನು ಮೊಸರಿನಲ್ಲಿ ಅದ್ದಿ, ಎಲ್ಲರ ಎದುರಿಗೆ, ನಮ್ಮಪ್ಪನ ಎದುರಿಗೆ, ಅಳಿಯನ ಎದುರಿಗೆ, ಹೆಂಡತಿಯ ಬಾಯಿಗೆ ಇಟ್ಟರು.

ಅತ್ತೆ ನಾಚಿಕೊಂಡು ಬಾಯಿ ತೆರೆದರು. ನಿಧಾನಕ್ಕೆ ಅಗಿದರು. ಅಡುಗೆಮನೆಯ ಕಡೆ ಒಮ್ಮೆ ನೋಡಿದರು, ನಮ್ಮೆಲ್ಲರ ಕಡೆ ನೋಡಿದರು. ಆಮೇಲೆ ಕಾಲು ಮಡಚಿ ಸರಿಯಾಗಿ ಕೂತುಕೊಂಡು, ಮಾವನಿಗೆ ಹೇಳಿದರು:

"ಇನ್ನೊಂದು ತೊಳೀರಿ."